ಉದ್ದ ಸಾಲಿನಲ್ಲಿ ನಿಜವಾದ ಗಿರಾಕಿ ಎಷ್ಟು ಮಂದಿ?

2021ರ ಜನವರಿ 12ರಂದು ಭಾರತದಲ್ಲಿ ಸೋನಿ ಕಂಪನಿಯ ಕನ್ಸೋಲ್ (ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಪೆಟ್ಟಿಗೆ) ಪ್ಲೇಸ್ಟೇಷನ್ 5ರ, ಅಂದರೆ ಪಿಎಸ್5ರ, ಮುಂಗಡ ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಎಲ್ಲೆಡೆ ‘ಸ್ಟಾಕ್ ಇಲ್ಲ’ ಎಂದು ಬಂತು. ಡಿಸ್ಕ್ ಹಾಕಿ ಆಡುವ ಮಾದರಿಯ ಬೆಲೆ ಆಗ 49,990 ರೂಪಾಯಿ ಇತ್ತು. ಮುಂದಿನ ಕಂತಿನ ಬುಕಿಂಗ್ ತೆರೆದದ್ದು ಮೇ ತಿಂಗಳಲ್ಲಿ. ಇಂಥ ಹೊತ್ತಿನಲ್ಲಿ ಅಂಗಡಿಯವರು ಮಾಡುವ ದೊಡ್ಡ ತಪ್ಪೆಂದರೆ, ಬಂದ ಬುಕಿಂಗ್‌ಗಳನ್ನೆಲ್ಲ ಬೇಡಿಕೆಯೆಂದು ಎಣಿಸುವುದು.

ಮಾಲು ಸಿಗುವುದಿಲ್ಲ ಎಂದು ಗೊತ್ತಾದ ಗಿರಾಕಿ ಒಂದೇ ಕಡೆ ಹೆಸರು ಕೊಡುವುದಿಲ್ಲ, ನಾಲ್ಕು ಕಡೆ ಕೊಡುತ್ತಾನೆ. 100 ಜನ 400 ಬುಕಿಂಗ್ ಆಗುತ್ತಾರೆ. ದೀಪಾವಳಿಗೆ ಕೊಳ್ಳೋಣ ಎಂದಿದ್ದವನೂ ‘ಆಮೇಲೆ ಸಿಗದಿದ್ದರೆ?’ ಎಂದು ಇಂದೇ ಬರುತ್ತಾನೆ. ಅವನು ನಿಜವಾದ ಗಿರಾಕಿಯೇ, ಆದರೆ ದೀಪಾವಳಿಯ ಲೆಕ್ಕದಲ್ಲಿ ಅವನನ್ನು ಮತ್ತೆ ಸೇರಿಸಬಾರದು. ಇವರ ನಡುವೆ ಮರುಮಾರಾಟದವನೂ ನುಸುಳುತ್ತಾನೆ. ನಿಗದಿತ ಬೆಲೆಗೂ ಹೊರಗಿನ ಬೆಲೆಗೂ ಇರುವ ಅಂತರವೇ ಅವನ ಸಂಪಾದನೆ. ಆ ಅಂತರ ಮುಚ್ಚಿದ ದಿನ ಅವನು ಮಾಯ.

ಕೊರತೆಯನ್ನು ಕಂಪನಿಗಳು ಬೇಕೆಂದೇ ಸೃಷ್ಟಿಸುತ್ತವೆ ಎಂಬ ಮಾತನ್ನು ಈ ಕನ್ಸೋಲ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಇಲ್ಲಿ ಲಾಭ ಬರುವುದು ಹೆಚ್ಚಾಗಿ ಆಟ ಮತ್ತು ಚಂದಾದಿಂದ. ಪೆಟ್ಟಿಗೆ ಮನೆ ಸೇರದಿದ್ದರೆ ಅವೆರಡೂ ಇಲ್ಲ. ಸೋನಿ 2021-22ಕ್ಕೆ 1.48 ಕೋಟಿ ಪಿಎಸ್5 ಗುರಿ ಇಟ್ಟು, ಚಿಪ್ ಕೊರತೆಯಿಂದ 1.15 ಕೋಟಿಗೆ ನಿಂತಿತು. ಗಮನಿಸಬೇಕಾದದ್ದು ಆಮೇಲಿನದು: ಮಾಲು ಧಾರಾಳವಾಗಿದ್ದ 2023-24ರಲ್ಲಿ ಮೊದಲು ಇಟ್ಟ ಗುರಿ 2.5 ಕೋಟಿ, ಹೋದದ್ದು ಸುಮಾರು 2.08 ಕೋಟಿ. ಅಂದರೆ ಈ ಸಲ ಅಡ್ಡ ಬಂದದ್ದು ಮಾಲಿನ ಕೊರತೆಯಲ್ಲ, ಬೇಡಿಕೆಯ ಮಿತಿ.

ಸಾಲನ್ನು ಸೋಸುವ ಒಳ್ಳೆಯ ಉಪಾಯ ಜಪಾನಿನ ಇನ್ನೊಂದು ಗೇಮ್ ಕಂಪನಿ ನಿಂಟೆಂಡೋದ್ದು. 2025ರಲ್ಲಿ ತನ್ನ ಹೊಸ ಕನ್ಸೋಲ್ ಸ್ವಿಚ್ 2 ಯಾರಿಗೆ ಮಾರಬೇಕೆಂದು ಆರಿಸಲು ಜಪಾನಿನಲ್ಲಿ ತನ್ನ ಜಾಲಮಳಿಗೆಯಲ್ಲೇ ಲಾಟರಿ ಇಟ್ಟಿತು. ಅರ್ಜಿ ಹಾಕುವವರು ಹಳೆಯ ಸ್ವಿಚ್‌ನಲ್ಲಿ ಕನಿಷ್ಠ 50 ಗಂಟೆ ಆಡಿರಬೇಕಿತ್ತು, ಉಚಿತ ಆಟಗಳ ಸಮಯ ಲೆಕ್ಕಕ್ಕಿಲ್ಲ. ಆನ್‌ಲೈನ್ ಚಂದಾ ಒಟ್ಟು ಒಂದು ವರ್ಷ ಇದ್ದಿರಬೇಕಿತ್ತು. ಹಣ ಎಷ್ಟಿದ್ದರೂ ಮರುಮಾರಾಟದವನು ಆ 50 ಗಂಟೆಯನ್ನು ರಾತ್ರೋರಾತ್ರಿ ಕೊಳ್ಳಲಾರ. ಇಷ್ಟು ಬಿಗಿ ಮಾಡಿದರೂ ಸುಮಾರು 22 ಲಕ್ಷ ಅರ್ಜಿ ಬಂದವು. ಅಂಥ ಸಂಖ್ಯೆಯನ್ನು ನಂಬಿ ಕಾರ್ಖಾನೆಗೆ ಆರ್ಡರ್ ಕೊಡಬಹುದು.

ನಮ್ಮ ಅಂಗಡಿಗಳಿಗೆ ಇಷ್ಟು ಸಾಧನ ಇಲ್ಲ, ಆದರೂ ದಾರಿ ಇದೆ. ಬುಕಿಂಗ್‌ಗೆ 2,000 ರೂಪಾಯಿ ಮುಂಗಡ ತೆಗೆದುಕೊಳ್ಳಿ, ರದ್ದು ಮಾಡಿದರೆ ಪೂರ್ತಿ ಹಿಂದಿರುಗಿಸಿ. ಬರೇ ಹೆಸರು ಬರೆಸಿ ಹೋಗುವವರು ಅಲ್ಲೇ ಉದುರುತ್ತಾರೆ. ಫೋನ್ ನಂಬರ್ ಜೊತೆಗೆ ಮನೆಯ ವಿಳಾಸವನ್ನೂ ತಾಳೆ ನೋಡಿ. ಕೊಡುವಾಗ ಕೌಂಟರ್‌ನಲ್ಲೇ ಪೆಟ್ಟಿಗೆಯ ಸೀಲ್ ಒಡೆಯಿರಿ: ಆಡುವವನಿಗೆ ನಷ್ಟವಿಲ್ಲ, ಮಾರುವವನಿಗೆ ‘ಸೀಲ್ಡ್ ಪೀಸ್’ ಎನ್ನಲು ಬರುವುದಿಲ್ಲ. ಬೇಡದ ಆಟ, ಎರಡನೇ ಕಂಟ್ರೋಲರ್ ಅಂಟಿಸಿ ಬಂಡಲ್ ಮಾಡಿದರೆ ಮರುಮಾರಾಟ ತಗ್ಗುತ್ತದೆ ನಿಜ. ಆದರೆ ತಿಂಗಳ ಕಂತಿನಲ್ಲಿ ಕೊಳ್ಳುವ ಹುಡುಗನೂ ಹಿಂದೆ ಸರಿಯುತ್ತಾನೆ, ಅದು ಅನ್ಯಾಯ.

ವಾರಕ್ಕೊಮ್ಮೆ ಸೆಕೆಂಡ್ ಹ್ಯಾಂಡ್ ಜಾಹೀರಾತುಗಳ ಬೆಲೆ ಬರೆದಿಡಿ. ಅದು ಎಂಆರ್‌ಪಿಯ ಹತ್ತಿರ ಇಳಿಯತೊಡಗಿದರೆ, ಸಾಲು ಎಷ್ಟೇ ಉದ್ದವಿರಲಿ, ಮುಂದಿನ ಆರ್ಡರ್ ತಗ್ಗಿಸಿ.