ಹಕ್ಕಿ ಹೆಸರಿನ ‘ವೆಂಟೆಡ್’, ‘ಪೈಡ್’, ‘ಲೆಸ್ಸರ್’ ಅಂದರೇನು?

ಹಕ್ಕಿ ನೋಡಲು ಹೊರಟವರನ್ನು ಮೊದಲು ಹೆದರಿಸುವುದು ಇಂಗ್ಲಿಷ್ ಹೆಸರುಗಳು. ರೆಡ್ ವೆಂಟೆಡ್ ಬುಲ್‌ಬುಲ್, ಪೈಡ್ ಕಿಂಗ್‌ಫಿಷರ್, ರೂಫಸ್ ಟ್ರೀಪೈ. ಅರ್ಥ ಗೊತ್ತಾದರೆ ಇವು ತುಂಬಾ ಸುಲಭ. ಹಕ್ಕಿಯ ಮೈಯಲ್ಲಿ ಎಲ್ಲಿ ನೋಡಬೇಕು, ಏನು ನೋಡಬೇಕು ಅಂತ ಹೆಸರೇ ಹೇಳಿಬಿಡುತ್ತದೆ.

ಬುಲ್‌ಬುಲ್ ಅಂದರೆ ನಮ್ಮ ಪಿಕಳಾರ. ‘ವೆಂಟ್’ ಅಂದರೆ ಹಕ್ಕಿ ಹಿಕ್ಕೆ ಹಾಕುವ ಜಾಗ, ಬಾಲದ ಬುಡದ ಅಡಿಭಾಗ. ಪಿಕಳಾರ ತಂತಿಯ ಮೇಲೆ ಕೂತಾಗ ಕೆಳಗೆ ನಿಂತು ನೋಡಿ. ಕುಂಕುಮ ಇಟ್ಟಂತೆ ಅಲ್ಲಿ ಕೆಂಪು ಕಾಣುತ್ತದೆ. ‘ವಿಸ್ಕರ್’ ಅಂದರೆ ಕೆನ್ನೆಯ ಕೂದಲು. ರೆಡ್ ವಿಸ್ಕರ್ಡ್ ಬುಲ್‌ಬುಲ್‌ಗೆ ಕಣ್ಣಿನ ಹಿಂದೆ ಪುಟ್ಟ ಕೆಂಪು ಕುಚ್ಚು. ಕನ್ನಡದಲ್ಲಿ ಇದು ಕೆಮ್ಮೀಸೆ ಪಿಕಳಾರ. ಎಷ್ಟು ಚೆಂದದ ಹೆಸರು ಅಲ್ವಾ! ಆದರೆ ಕೆಮ್ಮೀಸೆಗೂ ಬಾಲದಡಿ ಕೆಂಪು ಇದೆ. ಹಾಗಾಗಿ ಬಾಲ ನೋಡಿ ತೀರ್ಮಾನ ಮಾಡಬೇಡಿ, ತಲೆ ನೋಡಿ. ಚೂಪಾಗಿ ನೆಟ್ಟಗೆ ನಿಂತ ಕರಿ ಜುಟ್ಟು, ಬಿಳಿ ಕೆನ್ನೆ ಇದ್ದರೆ ಅದು ಕೆಮ್ಮೀಸೆಯೇ. ಮರಿಗಳಿಗೆ ಮಾತ್ರ ಕಣ್ಣ ಹಿಂದಿನ ಆ ಕೆಂಪು ಇನ್ನೂ ಬಂದಿರುವುದಿಲ್ಲ.

‘ಪೈಡ್’ ಅಂದರೆ ಕಪ್ಪು ಬಿಳುಪು ಬೆರೆತದ್ದು. ಮ್ಯಾಗ್‌ಪೈ ಅನ್ನುವ ಕಪ್ಪು ಬಿಳಿ ಹಕ್ಕಿಯಿಂದ ಹುಟ್ಟಿದ ಪದ. ಕೆರೆಯ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ದಿಢೀರನೆ ತಲೆಕೆಳಗಾಗಿ ನೀರಿಗೆ ಬೀಳುವ ಕಪ್ಪು ಬಿಳಿ ಮಿಂಚುಳ್ಳಿ ನೋಡಿದ್ದೀರಾ? ಅದೇ ಪೈಡ್ ಕಿಂಗ್‌ಫಿಷರ್. ‘ರೂಫಸ್’ ಅಂದರೆ ತುಕ್ಕಿನ ಬಣ್ಣ. ರೂಫಸ್ ಟ್ರೀಪೈ ಅಂದರೆ ನಮ್ಮ ಮಟಪಕ್ಷಿ, ಅದರ ಬೆನ್ನು ನೋಡಿದರೆ ಸಾಕು.

ಜಾಸ್ತಿ ದಾರಿ ತಪ್ಪಿಸುವುದು ‘ಲೆಸ್ಸರ್’ ಮತ್ತು ‘ಕಾಮನ್’. ಲೆಸ್ಸರ್ ಅಂದರೆ ಕೀಳು ಅಂತಲ್ಲ, ಗಾತ್ರದಲ್ಲಿ ಚಿಕ್ಕದು ಅಷ್ಟೇ. ಲೆಸ್ಸರ್ ಫ್ಲೆಮಿಂಗೊ, ಗ್ರೇಟರ್ ಫ್ಲೆಮಿಂಗೊಗಿಂತ ಗಿಡ್ಡ. ಕಾಮನ್ ಅಂದ ಮಾತ್ರಕ್ಕೆ ಅದು ನಿಮ್ಮ ಊರಲ್ಲಿ ಸಿಗಬೇಕೆಂದಿಲ್ಲ. ಕಾಮನ್ ಕುಕ್ಕೂ ಯುರೋಪಿನವರಿಗೆ ಚೆನ್ನಾಗಿ ಗೊತ್ತಿರುವ ಹಕ್ಕಿ. ನಮ್ಮ ಮಾವಿನ ಮರದಲ್ಲಿ ಕೂಗುವ ಕೋಗಿಲೆಯೇ ಬೇರೆ.

‘ಬಿಲ್’ ಅಂದರೆ ಕೊಕ್ಕು. ರಂಗನತಿಟ್ಟಿಗೆ ಹೋದರೆ ದೋಣಿಯಲ್ಲಿ ಕೂತು ಓಪನ್‌ಬಿಲ್ ಕೊಕ್ಕರೆಯನ್ನು ಹತ್ತಿರದಿಂದ ನೋಡಿ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿದಿರುತ್ತದೆ, ಅದರೊಳಗಿಂದ ಆಚೆಯ ಬೆಳಕು ಕಾಣುತ್ತದೆ. ಈ ಹಕ್ಕಿ ನೀರಿನ ಬಸವನಹುಳುವನ್ನು ಚಿಪ್ಪಿನಿಂದ ಎಳೆದು ತಿನ್ನುವುದು ಈ ಕೊಕ್ಕಿನಿಂದಲೇ. ಸದಾ ಬಾಯಿ ಕಳೆದುಕೊಂಡೇ ಇರುವ ಇದಕ್ಕೆ ಕನ್ನಡದಲ್ಲಿ ಬಾಯ್ಕಳಕ ಅನ್ನುತ್ತಾರೆ.