ಸ್ಟೆಬಿಲೈಸರ್ ತರುವ ಮೊದಲು ನ್ಯೂಟ್ರಲ್ ನೋಡಿ

ಮೇ ತಿಂಗಳ ಒಂದು ಸೋಮವಾರ ಕಾಸರಗೋಡಿನ ಬದಿಯಡ್ಕದ ನನ್ನ ರಿಪೇರಿ ಅಂಗಡಿಯ ಶಟರ್ ಎತ್ತುವ ಮೊದಲೇ ಜಗಲಿಯಲ್ಲಿ ಮೂರು ಮನೆಯವರು ಕಾಯುತ್ತಿದ್ದರು. ಒಬ್ಬರ ಕೈಯಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಟಿವಿ, ಇನ್ನೊಬ್ಬರ ಆಟೋದಲ್ಲಿ ಹದಿನೈದು ಕಿಲೋ ತೂಗುವ ಎವಿ ರಿಸೀವರ್ (ಹೋಮ್ ಥಿಯೇಟರಿನ ಆಂಪ್ಲಿಫಯರ್), ಮೂರನೆಯವರದು ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ ಎರಡೂ. ಮೂವರೂ ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನವರು. "ನಿನ್ನೆ ಸಿಡಿಲಿಗೆ ಹೋಯಿತು" ಎಂದರು. ಆದಿತ್ಯವಾರ ಸಂಜೆ ಗಾಳಿ ಇತ್ತು, ನಾಲ್ಕು ಹನಿ ಮಳೆಯೂ ಇತ್ತು, ಆದರೆ ಗುಡುಗು ಇರಲಿಲ್ಲ. ಕೇಳುತ್ತ ಹೋದಂತೆ ಹೊರಗೆ ಬಂತು: ತೆಂಗಿನ ಮಡಲೊಂದು ಲೈನಿನ ಮೇಲೆ ಬಿದ್ದಿದೆ, ಬಲ್ಬುಗಳು ಒಮ್ಮೆ ಬೆಳ್ಳಗೆ ಉರಿದಿವೆ, ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗಿದೆ, ಆಮೇಲೆ ಟಿವಿಯ ಹಿಂದಿನಿಂದ ಟಪ್ ಎಂಬ ಸದ್ದು, ಸುಟ್ಟ ವಾಸನೆ. ಅದೇ ಹೊತ್ತಿಗೆ ನಾಲ್ಕನೆಯ ಮನೆಯಲ್ಲಿ ಹಿಟ್ಟು ರುಬ್ಬುವ ಗ್ರೈಂಡರು ಓಡುತ್ತಿತ್ತು. ಅಲ್ಲಿ ಬಲ್ಬು ಎಣ್ಣೆ ಮುಗಿದ ದೀಪದಂತೆ ಮಂಕಾಯಿತಂತೆ. ಆ ಮನೆಯಲ್ಲಿ ಏನೂ ಹಾಳಾಗಲಿಲ್ಲ.

ಒಂದೇ ಲೈನು, ಒಂದೇ ಕ್ಷಣ. ಒಂದು ಮನೆಯಲ್ಲಿ ವೋಲ್ಟೇಜು ಏರಿದೆ, ಇನ್ನೊಂದರಲ್ಲಿ ಇಳಿದಿದೆ. ಇದು ನ್ಯೂಟ್ರಲ್, ಅಂದರೆ ಕರೆಂಟು ಮರಳಿ ಹೋಗುವ ತಂತಿ, ತುಂಡಾದ ಲಕ್ಷಣ. ನನ್ನ ಮೇಜಿಗೆ ಸತ್ತು ಬರುವ ಟಿವಿ, ಆಂಪ್ಲಿಫಯರುಗಳಲ್ಲಿ ಕಡಿಮೆ ವೋಲ್ಟೇಜಿನಿಂದ ಸತ್ತವು ತೀರಾ ಅಪರೂಪ. ನ್ಯೂಟ್ರಲ್ ಕೊಂದವು ಮತ್ತು ಡಿಶ್, ಇಂಟರ್ನೆಟ್ಟಿನಂಥ ಹಿಂಬಾಗಿಲಿನ ತಂತಿಗಳಲ್ಲಿ ಬಂದ ಸಿಡಿಲು ಕೊಂದವೇ ಹೆಚ್ಚು. ಆದರೂ ಜನ ಮೊದಲು ಕೇಳುವುದು, "ಎಷ್ಟು ಕೆವಿಎ ಸ್ಟೆಬಿಲೈಸರ್ ಬೇಕು?"

ನ್ಯೂಟ್ರಲ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಬದಲ್ಲಿ ಕರೆಂಟು ತರುವ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್. ಯಾವುದೇ ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ 400. ನಿಮ್ಮ ಮನೆ ಒಂದು ಫೇಸಿನಲ್ಲಿ, ಎದುರು ಮನೆ ಇನ್ನೊಂದರಲ್ಲಿ ಇರುತ್ತದೆ. ನ್ಯೂಟ್ರಲ್ ಗಟ್ಟಿಯಾಗಿ ಕೂತಿರುವಷ್ಟು ಹೊತ್ತು ಇಬ್ಬರಿಗೂ ಅವರವರ 230. ಅದು ಕಡಿದ ಕೂಡಲೇ ಎರಡು ಮನೆಗಳೂ ಒಂದರ ಹಿಂದೊಂದು ಪೋಣಿಸಿದ ಹಾಗೆ ಆ 400 ವೋಲ್ಟಿಗೆ ಅಡ್ಡ ನಿಲ್ಲುತ್ತವೆ. ಗ್ರೈಂಡರು ಓಡುವ ಮನೆಯ ಲೋಡು 25 ಓಮ್ ಎಂದುಕೊಳ್ಳಿ, ಬರೀ ಟಿವಿ ಮತ್ತು ಎರಡು ಬಲ್ಬು ಇರುವ ಮನೆಯದು 100 ಓಮ್. ಪಾಲು ಹೇಗೆ ಬೀಳುತ್ತದೆ ಗೊತ್ತೇ? ಗ್ರೈಂಡರಿನ ಮನೆಗೆ 80 ವೋಲ್ಟ್, ಟಿವಿ ಮನೆಗೆ 320. ಹೆಚ್ಚು ಕರೆಂಟು ಎಳೆಯುವವನು ಬದುಕಿಕೊಂಡ, ಒಂದೇ ಟಿವಿ ಹಾಕಿ ಸೀರಿಯಲ್ ನೋಡುತ್ತಿದ್ದವನು ಹೋದ.

ಆ ರಿಸೀವರಿನ ಮುಚ್ಚಳ ತೆಗೆದಾಗ ಲೆಕ್ಕ ಕಣ್ಣೆದುರಿಗೇ ಇತ್ತು. ಅದರ ದೊಡ್ಡ ಟ್ರಾನ್ಸ್‌ಫಾರ್ಮರ್ 230 ವೋಲ್ಟಿಗೆ ಪ್ಲಸ್ 50, ಮೈನಸ್ 50 ವೋಲ್ಟಿನ ಸಪ್ಲೈ ಕೊಡುವಂಥದ್ದು. ಅಲ್ಲಿ ಕೂತಿರುವ ಎರಡು ದಪ್ಪ ಕ್ಯಾಪಾಸಿಟರುಗಳ (ಕರೆಂಟು ತುಂಬಿಡುವ ಡಬ್ಬಿಗಳ) ಮೈಮೇಲೆ ಬರೆದಿರುವ ಮಿತಿ 63 ವೋಲ್ಟ್. ಒಳಗೆ ಬರುವುದು 320 ಆದರೆ ಹೊರಗೆ ಹೋಗುವುದು ಸುಮಾರು 70. ಕ್ಯಾಪಾಸಿಟರಿನ ತಲೆಯ ಮೇಲಿನ ಗೀರು ಬಿರಿದು, ಒಳಗಿನ ದ್ರವ ಬೋರ್ಡಿನ ಮೇಲೆ ಕಂದುಬಣ್ಣಕ್ಕೆ ಅಂಟಿಕೊಂಡಿತ್ತು. ಟಿವಿಗಳದ್ದು ಬೇರೆ ಲೆಕ್ಕ, ಫಲಿತಾಂಶ ಒಂದೇ. 230 ವೋಲ್ಟನ್ನು ಡಿಸಿ ಮಾಡಿದರೆ ಶಿಖರದಲ್ಲಿ 325, 320ನ್ನು ಮಾಡಿದರೆ 452. ಅಲ್ಲಿರುವ ಕ್ಯಾಪಾಸಿಟರ್ 400 ಅಥವಾ 450 ವೋಲ್ಟಿನದು. ಅದರ ಪಕ್ಕ ನಾಣ್ಯದಷ್ಟಗಲದ ನೀಲಿ ಬಿಲ್ಲೆ, ಎಂಒವಿ, ಎರಡು ಹೋಳಾಗಿ ಮಸಿ ಬಿದ್ದಿತ್ತು.

ಈ ಬಿಲ್ಲೆಯ ಬಗ್ಗೆ ಒಂದು ಮಾತು. ಸ್ಪೈಕ್ ಗಾರ್ಡ್ ಎಂದು ಮಾರುವ ಪ್ಲಗ್ ಪೆಟ್ಟಿಗೆಯಲ್ಲಿ ಇರುವುದೂ ಮುಖ್ಯವಾಗಿ ಇದೇ. ಕಣ್ಣು ಮಿಟುಕಿಸುವುದರ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಬರುವ ಏಟನ್ನು ಅದು ನುಂಗುತ್ತದೆ, ನುಂಗಿದಷ್ಟೂ ಸವೆಯುತ್ತದೆ. ನ್ಯೂಟ್ರಲ್ ಹೋಗಿ 320 ವೋಲ್ಟ್ ಹತ್ತು ಸೆಕೆಂಡು ನಿಂತರೆ ಅದು ತಾನೇ ಸುಟ್ಟುಹೋಗುತ್ತದೆ. ಫ್ಯೂಸೂ ಜೊತೆಗೇ ಹೋದರೆ ನಿಮ್ಮ ಪುಣ್ಯ. ಐದು ವರ್ಷದ ಹಿಂದೆ ತಂದ ಸ್ಪೈಕ್ ಗಾರ್ಡಿನ ಕೆಂಪು ದೀಪ ಇನ್ನೂ ಉರಿಯುತ್ತದೆ ಎಂದು ನಂಬಿ ಕೂರಬೇಡಿ. ಎಷ್ಟೋ ಪೆಟ್ಟಿಗೆಗಳಲ್ಲಿ ಆ ದೀಪ ಹೇಳುವುದು ಕರೆಂಟು ಇದೆ ಎಂದಷ್ಟೇ.

"ಮನೆಯಲ್ಲಿ ಇಎಲ್‌ಸಿಬಿ ಉಂಟಲ್ಲ, ಸಾಲದಾ?" ಎನ್ನುತ್ತಾರೆ. ಸಾಲದು. ಅದು 30 ಮಿಲಿಆಂಪ್ ಸೋರಿದರೆ ಕಡಿದುಕೊಂಡು ಮನುಷ್ಯನನ್ನು ಉಳಿಸಲು ಇರುವುದು. ವೋಲ್ಟೇಜು ಎಷ್ಟು ಬರುತ್ತಿದೆ ಎಂದು ಅದು ನೋಡುವುದೇ ಇಲ್ಲ. ನ್ಯೂಟ್ರಲ್ ತುಂಡಾದಾಗ ಕೆಲಸಕ್ಕೆ ಬರುವುದು ಮನೆಗೆ ಕರೆಂಟು ಹಂಚುವ ಡಿಬಿ ಬಾಕ್ಸಿನಲ್ಲಿ ಎಂಸಿಬಿಗಳ ಪಕ್ಕ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ನಾನು ಸಾಮಾನ್ಯವಾಗಿ ಮೇಲಿನ ಮಿತಿ 265, ಕೆಳಗಿನದು 170 ಎಂದು ಇಡುತ್ತೇನೆ. ಮಿತಿ ದಾಟಿದರೆ ಅದು ಇಡೀ ಮನೆಯನ್ನು ಬಿಡಿಸುತ್ತದೆ, ಸರಿಯಾದ ಮೇಲೆ ಮೂರು ನಿಮಿಷ ಕಾದು ಜೋಡಿಸುತ್ತದೆ. ಆ ಮೂರು ನಿಮಿಷಕ್ಕೆ ಬೆಲೆ ಉಂಟು. ನಮ್ಮಲ್ಲಿ ಮಳೆಗಾಲದಲ್ಲಿ ಹೋದ ಕರೆಂಟು ಒಮ್ಮೆಗೇ ಬರುವುದಿಲ್ಲ. ಬಂದು, ಹೋಗಿ, ಪುನಃ ಬಂದು, ಮೂರನೇ ಸಲಕ್ಕೆ ನಿಲ್ಲುತ್ತದೆ. ಪ್ರತಿ ಸಲವೂ ಆಂಪ್ಲಿಫಯರಿನ ಒಳಗಿನ ರಿಲೇ ಎಂಬ ತಾನಾಗಿ ಬೀಳುವ ಸ್ವಿಚ್ಚು, ಸಬ್‌ವೂಫರ್ ಎಲ್ಲ ಧಡ್ ಧಡ್ ಎಂದು ಎದ್ದು ಬೀಳುತ್ತವೆ.

ಇನ್ನು ಕಡಿಮೆ ವೋಲ್ಟೇಜು. ಡಿಸೆಂಬರಿನಿಂದ ಮೇ ತನಕ ನಮ್ಮ ಕಡೆ ಬೆಳಿಗ್ಗೆ ಬೇಗ ಮತ್ತು ಸಂಜೆ ಅಡಿಕೆ ತೋಟಗಳಿಗೆ ನೀರು ಬಿಡುವ ಹೊತ್ತು. ಉದ್ದದ ಲೈನಿನ ಕೊನೆಯಲ್ಲಿ ಮನೆ, ನಡುವೆ ಐದಾರು ಪಂಪು. ಮೋಟರು ಚಾಲೂ ಆಗುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಮನೆಯಲ್ಲಿ 185 ಇದ್ದದ್ದು ಆ ಕ್ಷಣಕ್ಕೆ 160ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅದರಿಂದ ಈಗಿನ ಟಿವಿಗೆ ಏನೂ ಆಗುವುದಿಲ್ಲ. ಹಿಂದೆ ಅಂಟಿಸಿದ ಚೀಟಿ ಓದಿ: 100ರಿಂದ 240 ವೋಲ್ಟ್ ಎಂದಿದ್ದರೆ ಅದಕ್ಕೆ 160 ಒಂದು ಲೆಕ್ಕವೇ ಅಲ್ಲ. ಪೆಟ್ಟು ಬೀಳುವುದು ಆಂಪ್ಲಿಫಯರಿಗೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟುಗಳ ಮೇಲೆ ಬರೀ 230 ಎಂದಿರುತ್ತದೆ. ಶಕ್ತಿ ವೋಲ್ಟೇಜಿನ ವರ್ಗದ ಹಾಗೆ ಇಳಿಯುತ್ತದೆ. 230ರಲ್ಲಿ 100 ವಾಟ್ ಕೊಡುವ ಆಂಪ್ 170ರಲ್ಲಿ ಕೊಡುವುದು 55 ಮಾತ್ರ. ನೀವು ಸದ್ದು ಸಾಲದೆಂದು ವಾಲ್ಯೂಮ್ ತಿರುಗಿಸುತ್ತೀರಿ. ತೆಂಕುತಿಟ್ಟು ಯಕ್ಷಗಾನದ ಚೆಂಡೆ ಬಂತು ಎನ್ನಿ. ಚೆಂಡೆಯ ಒಂದೊಂದು ಏಟೂ ಸೂಜಿಯಂತೆ ಎತ್ತರದ ಶಿಖರ. ಆಂಪಿನ ಸಪ್ಲೈ ಅಷ್ಟೆತ್ತರಕ್ಕೆ ಏಳಲಾರದೆ ಆ ಶಿಖರದ ತಲೆಯನ್ನು ಕತ್ತರಿಸುತ್ತದೆ. ತಲೆ ಕತ್ತರಿಸಿದ ಸದ್ದಿನಲ್ಲಿ ಕರ್ಕಶ ಹೆಚ್ಚು, ಆ ಕರ್ಕಶವೆಲ್ಲ ಸ್ಪೀಕರಿನ ಅತಿ ಸೂಕ್ಷ್ಮ ಭಾಗವಾದ ಟ್ವೀಟರಿಗೆ ಹೋಗುತ್ತದೆ. ಕೂದಲಿನಷ್ಟು ತೆಳುವಾದ ತಂತಿ, ಸುಡಲು ಹೊತ್ತು ಬೇಕಿಲ್ಲ. "ನೂರು ವಾಟಿನ ಸ್ಪೀಕರು ಸಣ್ಣ ಆಂಪಿನಲ್ಲಿ ಹೇಗೆ ಸುಟ್ಟಿತು?" ಎಂದು ಕೇಳುವವರಿಗೆ ಉತ್ತರ ಇದೇ.

ಪೆರ್ಲದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಟ್ವೀಟರು ಹೀಗೆ ಎರಡು ಸಲ ಹೋಯಿತು. ಅವರು ಅಷ್ಟರಲ್ಲೇ ದೊಡ್ಡದೊಂದು ಸ್ಟೆಬಿಲೈಸರ್ ತಂದಾಗಿತ್ತು. ನಾನು ಹೇಳಿದೆ, ರಿಪೇರಿ ಮಾಡಿ ಕೊಡುತ್ತೇನೆ, ಆದರೆ ಒಂದು ವಾರ ವೋಲ್ಟೇಜು ಬರೆದಿಡಿ. ಪ್ಲಗ್ಗಿಗೆ ಚುಚ್ಚುವ ಸಣ್ಣ ಡಿಜಿಟಲ್ ಮೀಟರು ಕೊಟ್ಟೆ. ಮೇಷ್ಟ್ರಲ್ಲವೇ, ಕಾಪಿ ಪುಸ್ತಕದಲ್ಲಿ ಗೆರೆ ಎಳೆದು ತಂದರು: ಬೆಳಿಗ್ಗೆ ಆರೂವರೆ 184, ಮಧ್ಯಾಹ್ನ ಎರಡು 221, ಸಂಜೆ ಏಳು 190, ರಾತ್ರಿ ಹನ್ನೊಂದು 244. ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: "ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಟಿವಿ ಕೋಣೆಯ ಬಲ್ಬು ಹೆಚ್ಚು ಉರಿಯುತ್ತದೆ."

ಅಂಕೆಗಳನ್ನೆಲ್ಲ ಬಿಟ್ಟು ನಾನು ಎದ್ದು ಬೈಕ್ ತೆಗೆದದ್ದು ಆ ಸಾಲಿಗೆ. ಲೋಡು ಹಾಕಿದಾಗ ಬಲ್ಬು ಮಂಕಾಗುವುದು ಸಹಜ. ಹೆಚ್ಚು ಉರಿದರೆ ಅಪಾಯ. ಅವರದು ಮೂರು ಫೇಸಿನ ಮನೆ, ಕೋಣೆಗಳು ಬೇರೆ ಬೇರೆ ಫೇಸಿನಲ್ಲಿ. ನ್ಯೂಟ್ರಲ್ ಪೂರ್ತಿ ತುಂಡಾಗಿಲ್ಲ, ಸಡಿಲವಾಗಿದೆ ಎಂದರ್ಥ. ಮೈನ್ ಸ್ವಿಚ್ಚಿನ ಮುಚ್ಚಳ ತೆಗೆದರೆ ನ್ಯೂಟ್ರಲ್ ಲಿಂಕಿನ ಸ್ಕ್ರೂ ಸುತ್ತ ಪ್ಲಾಸ್ಟಿಕ್ಕು ಗೋಡಂಬಿ ಹುರಿದ ಬಣ್ಣಕ್ಕೆ ತಿರುಗಿತ್ತು. ಅಲ್ಯೂಮಿನಿಯಂ ತಂತಿಯ ಏಳು ಎಳೆಗಳಲ್ಲಿ ನಾಲ್ಕು ಬೂದಿಬಣ್ಣದ ಪುಡಿ. ಕರೆಂಟು ಪೂರ್ತಿ ಬಿಡಿಸಿ, ಕೊಳೆತಷ್ಟು ಕತ್ತರಿಸಿ, ಹೊಸ ಲಗ್ ಒತ್ತಿ ಬಿಗಿ ಮಾಡಿದೆವು. ಒಟ್ಟು ಖರ್ಚು ಒಂದು ಟ್ವೀಟರಿನ ಅರ್ಧ. ಇದನ್ನು ಲೈಸೆನ್ಸ್ ಇರುವ ವಯರ್‌ಮನ್ ಕೈಯಲ್ಲೇ ಮಾಡಿಸಿ. ಮೀಟರಿನ ಸೀಲ್ ಇರುವ ಕಡೆ, ಕಂಬದ ಕಡೆ ಯಾರೂ ಕೈಹಾಕಬಾರದು, ಅದಕ್ಕೆ ಕರೆಂಟಿನ ದೂರಿನ ನಂಬರು 1912ಕ್ಕೆ ಫೋನು ಮಾಡಿ ದೂರು ಬರೆಸಬೇಕು. ದೂರು ಹೇಳುವಾಗ "ವೋಲ್ಟೇಜ್ ಸರಿಯಿಲ್ಲ" ಎನ್ನಬೇಡಿ. "ನ್ಯೂಟ್ರಲ್ ಲೂಸ್ ಉಂಟು, ಬಲ್ಬು ಏರಿಳಿಯುತ್ತದೆ" ಎನ್ನಿ. ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಆ ಎರಡು ಶಬ್ದ ಒಂದೇ, ಕೇಳಿದ ಲೈನ್‌ಮನ್ ಕಿವಿ ನೆಟ್ಟಗಾಗುತ್ತದೆ.

ಅರ್ಥಿಂಗಿನದ್ದು ನಮ್ಮ ಊರಿನ ವಿಶೇಷ ತೊಂದರೆ. ಗುಡ್ಡದ ಮನೆಗಳ ಅಡಿಯಲ್ಲಿ ಮುರಕಲ್ಲು. ಮಳೆಗಾಲದಲ್ಲಿ ಹಸಿ ಇರುವ ಅರ್ಥ್ ಗುಂಡಿ ಮಾರ್ಚಿ ಹೊತ್ತಿಗೆ ಒಣಗಿ ಓಡಿನ ಹಾಗಾಗುತ್ತದೆ. ಕಂಬಿ ನೆಲದಲ್ಲಿ ಇದ್ದರೂ ಕರೆಂಟಿನ ಪಾಲಿಗೆ ಇಲ್ಲದ ಹಾಗೆ. ಬೇಸಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ನ್ಯೂಟ್ರಲಿಗೂ ಅರ್ಥಿಗೂ ನಡುವೆ ಅಳೆದರೆ ಒಂದೆರಡು ವೋಲ್ಟ್ ಇರಬಹುದು, ಹದಿನೈದು ಇಪ್ಪತ್ತು ತೋರಿಸಿದರೆ ಎಲ್ಲೋ ಬಿಟ್ಟಿದೆ. ಇದರ ಜೊತೆ ಗಲ್ಫ್ ಸೆಟ್ಟುಗಳು. ದುಬೈಯಿಂದ ಬಂದ ಸೆಟ್ಟಿಗೆ ಮೂರು ಚೌಕ ಕಡ್ಡಿಯ ಪ್ಲಗ್ಗು. ಅದಕ್ಕೆ ನಮ್ಮವರು ಬಸ್‌ಸ್ಟ್ಯಾಂಡಿನ ಹತ್ತಿರ ಸಿಗುವ ಬಿಳಿ ಅಡಾಪ್ಟರ್ ಚುಚ್ಚುತ್ತಾರೆ. ಎಷ್ಟೋ ಅಡಾಪ್ಟರುಗಳಲ್ಲಿ ಅರ್ಥ್ ಕಡ್ಡಿ ತೋರಿಕೆಗೆ ಮಾತ್ರ, ಹಿಡಿತವೂ ಸಡಿಲ. ಆ ಪ್ಲಗ್ಗನ್ನು ಕತ್ತರಿಸಿ ನಮ್ಮ ಮೂರು ಪಿನ್ ಹಾಕಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ. ಹಿಂದೆ 120 ವೋಲ್ಟ್ 60 ಹರ್ಟ್ಸ್ ಎಂದಿದ್ದರೆ ಮಾತ್ರ ನನ್ನಲ್ಲಿಗೆ ತರುವವರೆಗೆ ಚುಚ್ಚಲೇಬೇಡಿ.

ಅರ್ಥ್ ಇಲ್ಲದ ಟಿವಿಯ ಲೋಹದ ಅಂಚು ಮುಟ್ಟಿದರೆ ಇರುವೆ ಕಚ್ಚಿದ ಹಾಗೆ ಜುಮ್ಮೆನ್ನುತ್ತದಲ್ಲ? ಒಳಗಿನ ಸಣ್ಣ ಕ್ಯಾಪಾಸಿಟರುಗಳಿಂದಾಗಿ ಆ ಮೈ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟು ತೀರಾ ಕಡಿಮೆ, ಮನುಷ್ಯನಿಗೆ ಜುಮ್ಮಷ್ಟೇ. ಆದರೆ ಅದೇ ಹೊತ್ತಿಗೆ ಅರ್ಥ್ ಇರುವ ರಿಸೀವರಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ತುದಿಯಲ್ಲಿ ಕಾಣದಷ್ಟು ಸಣ್ಣ ಕಿಡಿ ಹಾರಿ, ಐದು ವೋಲ್ಟಿನ ಚಿಪ್ ಹೋಗುತ್ತದೆ. ಟಿವಿ ಉರಿಯುತ್ತದೆ, ಆ ಒಂದು ಪೋರ್ಟ್ ಮಾತ್ರ "ಸಿಗ್ನಲ್ ಇಲ್ಲ". ಎಚ್‌ಡಿಎಂಐ ಹಾಕುವಾಗ, ತೆಗೆಯುವಾಗ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಹೋಗಲೆಂದು ಅರ್ಥ್ ಪಿನ್ ಮುರಿಯುವವರನ್ನೂ ನೋಡಿದ್ದೇನೆ. ಸದ್ದು ಹೋಗುತ್ತದೆ ನಿಜ. ಒಂದು ದಿನ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಬಿಟ್ಟರೆ ಮನೆಯ ಮಗುವೂ ಹೋಗುತ್ತದೆ. ಗುಂಯ್ ಸಾಮಾನ್ಯವಾಗಿ ಬರುವುದು ಕೇಬಲ್ ಟಿವಿಯ ತಂತಿಯಿಂದ, ಅದನ್ನು ಒಮ್ಮೆ ಬಿಡಿಸಿ ನೋಡಿ.

ಸಿಡಿಲಿಗೆ ಅಜ್ಜಿ ಹೇಳಿದ್ದೇ ಮದ್ದು: ಪ್ಲಗ್ಗು ಕಿತ್ತಿಡು. ಸ್ವಿಚ್ಚು ಆಫ್ ಮಾಡಿದರೆ ಸಾಲದು. ಅದು ಕಡಿಯುವುದು ಫೇಸನ್ನು ಮಾತ್ರ, ಅದೂ ಕೆಲವೇ ಮಿಲಿಮೀಟರ್ ಅಂತರ. ಮೈಲುಗಟ್ಟಲೆ ಗಾಳಿ ದಾಟಿ ಬಂದ ಸಿಡಿಲಿಗೆ ಅದೊಂದು ದೂರವೇ? ಅಜ್ಜಿಯ ಕಾಲದಲ್ಲಿ ಇಲ್ಲದ್ದು ಡಿಶ್ಶಿನ ಕೇಬಲು ಮತ್ತು ಇಂಟರ್ನೆಟ್ಟಿನ ತಂತಿ. ಏಪ್ರಿಲ್-ಮೇಯ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನ ತುಲಾ ಮಳೆಯಲ್ಲಿ ನನ್ನಲ್ಲಿಗೆ ಬರುವ ಸೆಟ್ಟುಗಳಲ್ಲಿ ಪವರ್ ಬೋರ್ಡ್ ಸರಿಯೇ ಇರುತ್ತದೆ. ಸುಟ್ಟಿರುವುದು ಟ್ಯೂನರ್ ಅಥವಾ ನೆಟ್‌ವರ್ಕ್ ಪೋರ್ಟ್. ಫೈಬರ್ ಗಾಜು, ಅದರಲ್ಲಿ ಕರೆಂಟು ಬಾರದು ಎನ್ನುವುದು ನಿಜ. ಅದನ್ನು ಹೊತ್ತು ತರುವ ಉಕ್ಕಿನ ಸರಿಗೆಯಲ್ಲಿ ಬರುತ್ತದೆ. ಡಿಬಿಯಲ್ಲಿ ಟೈಪ್ 2 ಎಸ್‌ಪಿಡಿ, ಅಂದರೆ ಸಿಡಿಲಿನ ಏಟನ್ನು ಅರ್ಥಿಗೆ ಹರಿಸುವ ಸಾಧನ, ಹಾಕಿಸುವುದು ಒಳ್ಳೆಯದೇ. ಆದರೆ ಅರ್ಥ್ ಒಣಗಿದ್ದರೆ ಅದು ಚರಂಡಿ ಇಲ್ಲದ ಬಚ್ಚಲು.

ಯುಪಿಎಸ್ ಬೇಕೇ? ಲ್ಯಾಂಪ್ ಇರುವ ಪ್ರೊಜೆಕ್ಟರಿಗೆ ಬೇಕು, ಕರೆಂಟು ಹೋದ ಮೇಲೂ ಅದರ ಫ್ಯಾನು ಸ್ವಲ್ಪ ಹೊತ್ತು ಓಡಿ ಲ್ಯಾಂಪನ್ನು ತಣಿಸಬೇಕು. ಉಳಿದವರಿಗೆ ಇಷ್ಟ ಇದ್ದರೆ. ಹಳೆಯ ಚೌಕ ಅಲೆಯ ಇನ್ವರ್ಟರಿಗೆ ಮಾತ್ರ ಆಂಪ್ಲಿಫಯರ್ ಜೋಡಿಸಬೇಡಿ, ಟ್ರಾನ್ಸ್‌ಫಾರ್ಮರ್ ಕಣಜದ ಗೂಡಿನ ಹಾಗೆ ಗುನುಗುತ್ತದೆ, ಕಾಯುತ್ತದೆ.

ಮೇಷ್ಟ್ರ ಸ್ಟೆಬಿಲೈಸರಿನ ಕಥೆ ಹೇಳುವುದು ಬಾಕಿ ಉಂಟು. ಅವರು ಅದನ್ನು ಟಿವಿಗೆ ಜೋಡಿಸಿ, ಆಂಪ್ಲಿಫಯರನ್ನು ನೇರ ಗೋಡೆಗೆ ಚುಚ್ಚಿದ್ದರು. ಬೇಡದವನಿಗೆ ಔಷಧಿ, ರೋಗಿಗೆ ಉಪವಾಸ. ಅದಲು ಬದಲು ಮಾಡಿದೆ. ಟ್ವೀಟರು ಆಮೇಲೆ ಸುಟ್ಟಿಲ್ಲ. ಆದರೆ ಅವರದು ರಿಲೇ ಸ್ಟೆಬಿಲೈಸರ್. ತೋಟಗಳ ಪಂಪುಗಳು ಒಂದೊಂದಾಗಿ ಚಾಲೂ ಆಗುವ ಸಂಜೆ ಹೊತ್ತಿಗೆ ಅದರ ಒಳಗೆ ಟಕ್, ಟಕ್ ಎನ್ನುತ್ತಲೇ ಇರುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಮಾತು ನಿಲ್ಲಿಸಿ ಉಸಿರು ಎಳೆದುಕೊಳ್ಳುವಲ್ಲಿಯೇ ಸರಿಯಾಗಿ ಟಕ್. ಹಾಗಾಗಿ ಮೇಷ್ಟ್ರು ಈಗ ಪಂಪುಗಳೆಲ್ಲ ನಿಂತು ಮೀಟರು 240 ತೋರಿಸಿದ ಮೇಲೆ, ರಾತ್ರಿ ಹತ್ತೂವರೆಗೆ, ಸೆಟ್ಟು ಹಾಕುತ್ತಾರೆ. ನಿದ್ದೆ ಕೆಡುತ್ತದೆ ಎಂದು ಮನೆಯವರು ನನಗೆ ಫೋನು ಮಾಡಿದ್ದರು.