ಲೋಡ್ ಒಂಬತ್ತು, ಸಿಪಿಯು ಮಾತ್ರ ಖಾಲಿ: ಲಿನಕ್ಸ್ ಟರ್ಮಿನಲ್‌ನಲ್ಲಿ ಪ್ರೋಸೆಸ್‌ಗಳನ್ನು ಓದುವ ಬಗೆ

ಸರ್ವರ್ ನಿಧಾನವಾಯಿತು ಎಂದ ಕೂಡಲೇ, ಪ್ರೋಸೆಸ್‌ಗಳನ್ನು (ಓಡುತ್ತಿರುವ ಪ್ರೋಗ್ರಾಂಗಳನ್ನು) ಪಟ್ಟಿಮಾಡುವ ಟಾಪ್ ಕಮಾಂಡ್ ತೆರೆದು, ಪಟ್ಟಿಯ ತುದಿಯಲ್ಲಿರುವ ಪ್ರೋಸೆಸ್ಸನ್ನು ಕೊಂದುಬಿಡುವ, ಅಂದರೆ ಕಿಲ್ ಕಮಾಂಡಿನಿಂದ ನಿಲ್ಲಿಸಿಬಿಡುವ ಅಭ್ಯಾಸ ಹೊಸಬರಲ್ಲಿ ಬೇಗ ಬೇರೂರುತ್ತದೆ. ಎಷ್ಟೋ ಸಲ ತೊಂದರೆ ಕೊಡುತ್ತಿರುವುದು ಆ ಪ್ರೋಸೆಸ್ ಆಗಿರುವುದೇ ಇಲ್ಲ. ಕೆಲಸಗಳು ಸಿಪಿಯುಗಾಗಿ ಕಾಯುತ್ತಿವೆಯೋ, ಡಿಸ್ಕ್‌ಗಾಗಿಯೋ, ಮೆಮೊರಿ ಸಾಲದೆ ಒದ್ದಾಡುತ್ತಿವೆಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಕಿಲ್ ಮಾಡುವ ಮಾತು ಆಮೇಲೆ. ಇಲ್ಲಿ ಕಮಾಂಡ್‌ಗಳ ಹೆಸರು ಉಚ್ಚಾರದಂತೆ ಇದೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಲೋಡ್ ಆವರೇಜ್ ಎಣಿಸುವುದು ಏನನ್ನು?

ಅಪ್‌ಟೈಮ್ ಕಮಾಂಡ್ ಕೊಟ್ಟರೆ ಕೊನೆಯಲ್ಲಿ ಮೂರು ಸಂಖ್ಯೆಗಳು ಬರುತ್ತವೆ: ಕಳೆದ 1, 5 ಮತ್ತು 15 ನಿಮಿಷಗಳ ಲೋಡ್, ಅಂದರೆ ಓಡುತ್ತಿರುವ ಇಲ್ಲವೇ ಸರದಿಗೆ ಕಾಯುತ್ತಿರುವ ಪ್ರೋಸೆಸ್‌ಗಳ ಸರಾಸರಿ ಸಂಖ್ಯೆ. ಎನ್‌ಪ್ರಾಕ್ ಕಮಾಂಡ್ ಕೊಡುವ ಕೋರ್‌ಗಳ (ಸಿಪಿಯುವಿನೊಳಗಿನ ಬಿಡಿ ಘಟಕಗಳ) ಸಂಖ್ಯೆಯ ಪಕ್ಕದಲ್ಲಿಟ್ಟು ನೋಡದಿದ್ದರೆ ಇವಕ್ಕೆ ಅರ್ಥವಿಲ್ಲ. 4 ಕೋರ್ ಇರುವ ಯಂತ್ರದಲ್ಲಿ ಲೋಡ್ 4 ಇದ್ದರೆ ಹೆದರಬೇಕಿಲ್ಲ. ಒಂದೇ ಕೋರ್ ಇರುವಲ್ಲಿ ಅದೇ 4 ದೊಡ್ಡ ಸಾಲು.

ಇದು ನೇರವಾದ ಸರಾಸರಿಯೂ ಅಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಸುಮಾರು 5 ಸೆಕೆಂಡಿಗೊಮ್ಮೆ ಎಣಿಸಿ, ಹಳೆಯ ಎಣಿಕೆಯ ತೂಕವನ್ನು ಮೆಲ್ಲಗೆ ಇಳಿಸುತ್ತಾ ಹೋಗುತ್ತದೆ. ಹಾಗಾಗಿ ಖಾಲಿ ಯಂತ್ರದಲ್ಲಿ ಒಂದು ಪ್ರೋಸೆಸ್ ಪೂರ್ತಿ ಒಂದು ನಿಮಿಷ ಬಿಡುವಿಲ್ಲದೆ ಓಡಿದರೂ ಮೊದಲ ಸಂಖ್ಯೆ 1ಕ್ಕೆ ಬಾರದೆ 0.63ರ ಆಸುಪಾಸಿನಲ್ಲಿರುತ್ತದೆ. ಕೆಲಸ ಮುಗಿದ ಮೇಲೂ ಲೋಡ್ ಕೆಲಹೊತ್ತು ಹೆಚ್ಚೇ ಕಾಣುವುದು ಇದೇ ಕಾರಣಕ್ಕೆ.

ಇನ್ನೊಂದು ಮುಖ್ಯ ಸಂಗತಿ: ಲಿನಕ್ಸ್ ಈ ಎಣಿಕೆಯಲ್ಲಿ ಸಿಪಿಯು ಬೇಕೆನ್ನುವವರನ್ನಷ್ಟೇ ಸೇರಿಸುವುದಿಲ್ಲ. ಡಿಸ್ಕ್ ಮುಂತಾದವುಗಳಿಗಾಗಿ ಎಬ್ಬಿಸಲಾಗದ ನಿದ್ದೆಯಲ್ಲಿರುವ ಪ್ರೋಸೆಸ್‌ಗಳನ್ನೂ 1993ರಿಂದ ಎಣಿಸುತ್ತಾ ಬಂದಿದೆ. ಇವುಗಳ ಸ್ಥಿತಿ ಪಟ್ಟಿಯಲ್ಲಿ 'ಡಿ' ಎಂದು ಬರುತ್ತದೆ. ಲೋಡ್ ಏರಿದೆ ಎಂದರೆ ಸಿಪಿಯು ದುಡಿಯುತ್ತಿದೆ ಎಂದು ತಿಳಿಯುವುದು ತಪ್ಪಾಗುವುದು ಇಲ್ಲಿಯೇ.

ಒಂದು ಪರದೆಯನ್ನು ಓದೋಣ

4 ಕೋರ್ ಯಂತ್ರ. ಟಾಪ್‌ನಲ್ಲಿ ಲೋಡ್ 9.12, 8.40, 5.03. ಸಿಪಿಯು ಸಾಲಿನಲ್ಲಿ ಶೇಕಡಾ ಲೆಕ್ಕದಲ್ಲಿ ಯುಎಸ್ (ಪ್ರೋಗ್ರಾಂಗಳು) 4, ಎಸ್‌ವೈ (ಕರ್ನಲ್) 2, ಐಡಿ (ಖಾಲಿ) 21, ಡಬ್ಲ್ಯುಎ (ಕಾಯುವಿಕೆ) 73. ಮೂರು ಲೋಡ್‌ಗಳಲ್ಲಿ ಮೊದಲನೆಯದೇ ದೊಡ್ಡದು, ಅಂದರೆ ತೊಂದರೆ ಈಗ ಬೆಳೆಯುತ್ತಿದೆ. ಪ್ರೋಗ್ರಾಂಗಳು ಮತ್ತು ಕರ್ನಲ್ ಸೇರಿ ಸಿಪಿಯು ಬಳಸಿದ್ದು ಶೇ 6 ಮಾತ್ರ. ಉಳಿದ ಸಮಯದ ಬಹುಪಾಲು ಡಬ್ಲ್ಯುಎ ಲೆಕ್ಕದಲ್ಲಿದೆ: ಸಿಪಿಯುಗೆ ಬೇರೆ ಕೆಲಸವಿಲ್ಲ, ಯಾರೋ ಡಿಸ್ಕ್‌ನ ಉತ್ತರಕ್ಕೆ ಕಾಯುತ್ತಿದ್ದಾರೆ.

ಈಗ ವಿಎಂಸ್ಟಾಟ್ 2 10 ಕೊಡಿ. 2 ಸೆಕೆಂಡಿಗೊಂದರಂತೆ 10 ಸಾಲು ಬರುತ್ತದೆ. ಮೊದಲ ಸಾಲನ್ನು ಬಿಟ್ಟುಬಿಡಿ, ಅದು ಯಂತ್ರ ಶುರುವಾದಾಗಿನಿಂದ ಈವರೆಗಿನ ಸರಾಸರಿ. ಎರಡನೆಯದರಿಂದ ನೋಡಿದರೆ 'ಆರ್' ಕಾಲಂನಲ್ಲಿ ಸಿಪಿಯು ಸಾಲಿನಲ್ಲಿರುವವು, 'ಬಿ' ಕಾಲಂನಲ್ಲಿ ಡಿಸ್ಕ್ ಮುಂತಾದವುಗಳಿಗೆ ಸಿಕ್ಕಿಕೊಂಡವು. ಆರ್ 1, ಬಿ 8 ಎಂದಿದ್ದರೆ ಸಿಪಿಯು ಮೇಲಿನ ಅನುಮಾನ ಬಿಟ್ಟು ಡಿಸ್ಕ್ ಕಡೆ ತಿರುಗಬಹುದು.

ಸಿಕ್ಕಿಕೊಂಡವರು ಯಾರು? ಪಿಎಸ್ ಕಮಾಂಡಿಗೆ -ಇಒ ಕೊಟ್ಟು ಪಿಐಡಿ (ಪ್ರೋಸೆಸ್‌ನ ಸಂಖ್ಯೆ), ಪಿಪಿಐಡಿ (ಅದನ್ನು ಹುಟ್ಟಿಸಿದ ಪೇರೆಂಟ್ ಪ್ರೋಸೆಸ್‌ನ ಸಂಖ್ಯೆ), ಸ್ಟಾಟ್ (ಸ್ಥಿತಿ), ಡಬ್ಲ್ಯುಚಾನ್, ಸಿಎಂಡಿ (ಕಮಾಂಡ್) ಎಂಬ ಐದು ಕಾಲಂ ಕೇಳಿ, ಸ್ಟಾಟ್‌ನಲ್ಲಿ 'ಡಿ' ಇರುವ ಸಾಲುಗಳನ್ನು ಆಯ್ದುಕೊಳ್ಳಿ. ಡಬ್ಲ್ಯುಚಾನ್ ಎಂದರೆ ಆ ಪ್ರೋಸೆಸ್ ಕರ್ನಲ್‌ನ ಯಾವ ಫಂಕ್ಷನ್‌ನಲ್ಲಿ ನಿಂತಿದೆ ಎಂಬುದು. ಹೆಸರಿನಲ್ಲಿ ಎನ್‌ಎಫ್‌ಎಸ್ ಕಂಡರೆ ದೂರದ ಫೈಲ್ ಸರ್ವರ್ ಉತ್ತರಿಸುತ್ತಿಲ್ಲ ಎಂದು ಊಹಿಸಬಹುದು. ಇಎಕ್ಸ್‌ಟಿ4 ಕಂಡರೆ ಇಲ್ಲಿನ ಡಿಸ್ಕನ್ನೇ ನೋಡಬೇಕು. ಒಂದು ಸಲ ಡಿ ಕಂಡಿತೆಂದು ಗಾಬರಿ ಬೇಡ, ಡಿಸ್ಕ್ ಓದುವ ಯಾವ ಪ್ರೋಸೆಸ್ಸೂ ಕ್ಷಣಕಾಲ ಆ ಸ್ಥಿತಿಗೆ ಹೋಗಿ ಬರುತ್ತದೆ. ಐದಾರು ಸಲ ನೋಡಿದಾಗಲೂ ಅದೇ ಪಿಐಡಿ ಅಲ್ಲೇ ಇದ್ದರೆ ಅದು ಸಿಕ್ಕಿಕೊಂಡಿದೆ.

ಡಬ್ಲ್ಯುಎ ಬಗ್ಗೆ ಒಂದು ಎಚ್ಚರಿಕೆ. ಅದೂ ಒಂದು ಬಗೆಯ ಖಾಲಿ ಸಮಯವೇ. ಇದೇ ಯಂತ್ರದಲ್ಲಿ ಭಾರಿ ಲೆಕ್ಕದ ಕೆಲಸವೊಂದನ್ನು ಶುರು ಮಾಡಿದರೆ ಖಾಲಿ ಸಮಯ ಅದಕ್ಕೆ ಹೋಗಿ ಡಬ್ಲ್ಯುಎ ಇಳಿಯುತ್ತದೆ. ಡಿಸ್ಕ್ ಮಾತ್ರ ಮೊದಲಿನಷ್ಟೇ ನಿಧಾನ. ಆದ್ದರಿಂದ ಡಬ್ಲ್ಯುಎ ಹೆಚ್ಚಿದ್ದರೆ ಡಿಸ್ಕ್ ಮೇಲೆ ಅನುಮಾನ ಪಡಿ, ಕಡಿಮೆ ಇದ್ದರೆ ಡಿಸ್ಕ್ ಚೆನ್ನಾಗಿದೆ ಎಂದು ತೀರ್ಪು ಕೊಡಬೇಡಿ. ಬಾಡಿಗೆಯ ವರ್ಚುವಲ್ ಯಂತ್ರವಾದರೆ (ಒಂದೇ ನಿಜ ಯಂತ್ರವನ್ನು ಹಲವರು ಹಂಚಿಕೊಳ್ಳುವಂಥದ್ದು) ಅದೇ ಸಾಲಿನ 'ಎಸ್‌ಟಿ'ಯನ್ನೂ ನೋಡಿ. ಅದು ಏರಿದ್ದರೆ ನಿಮಗೆ ಬೇಕಾದಾಗ ಸಿಪಿಯು ಪಕ್ಕದ ಯಂತ್ರಗಳ ಪಾಲಾಗಿದೆ, ಒಳಗಿನ ಯಾವ ಪ್ರೋಸೆಸ್ಸನ್ನು ಕೊಂದರೂ ಅದು ಸರಿಹೋಗದು.

ಪಿಎಸ್ ಹೇಳುವ ಶೇಕಡಾ, ಟಾಪ್ ಹೇಳುವ ಶೇಕಡಾ

ಎರಡೂ ತಾಳೆಯಾಗುವುದಿಲ್ಲ, ಆಗಲೂ ಬಾರದು. ಪಿಎಸ್ ತೋರಿಸುವುದು ಪ್ರೋಸೆಸ್ ಹುಟ್ಟಿದಾಗಿನಿಂದ ಬಳಸಿದ ಸಿಪಿಯು ಸಮಯವನ್ನು ಅದರ ಒಟ್ಟು ಆಯಸ್ಸಿನಿಂದ ಭಾಗಿಸಿದ್ದನ್ನು. ಹತ್ತು ದಿನ ಸುಮ್ಮನಿದ್ದು ಈಗ ಐದು ನಿಮಿಷದಿಂದ ಕೋರೊಂದನ್ನು ಪೂರ್ತಿ ಹಿಡಿದಿರುವ ಪ್ರೋಸೆಸ್ ಪಿಎಸ್‌ನಲ್ಲಿ 0.0 ಎಂದೇ ಕಾಣುತ್ತದೆ. ಈ ಕ್ಷಣದ್ದು ಬೇಕಾದರೆ ಟಾಪ್. ಟಾಪ್‌ನಲ್ಲಿ 100 ಎಂದರೆ ಒಂದು ಕೋರ್. 4 ಕೋರ್ ಯಂತ್ರದಲ್ಲಿ ಹಲವು ಥ್ರೆಡ್‌ಗಳ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳ) ಪ್ರೋಸೆಸ್ 400ರವರೆಗೂ ಹೋಗಬಹುದು. ಒಳಗಿದ್ದಾಗ 1 ಒತ್ತಿದರೆ ಕೋರ್‌ಗಳು ಬೇರೆಬೇರೆಯಾಗಿ ಕಾಣುತ್ತವೆ, ದೊಡ್ಡಕ್ಷರದ ಎಂ ಮೆಮೊರಿಯಂತೆ ಜೋಡಿಸುತ್ತದೆ, ದೊಡ್ಡಕ್ಷರದ ಪಿ ಸಿಪಿಯುವಿನಂತೆ, ದೊಡ್ಡಕ್ಷರದ ಎಚ್ ಥ್ರೆಡ್‌ಗಳನ್ನು ಬಿಡಿಸಿ ತೋರಿಸುತ್ತದೆ. ಸಣ್ಣಕ್ಷರದ ಸಿ ಪೂರ್ತಿ ಕಮಾಂಡ್ ಸಾಲನ್ನು ತೋರಿಸುತ್ತದೆ. ಹತ್ತು ಜಾವಾ ಪ್ರೋಸೆಸ್‌ಗಳ ನಡುವೆ ನಮಗೆ ಬೇಕಾದದ್ದನ್ನು ಗುರುತಿಸಲು ಇದಿಲ್ಲದೆ ಆಗದು.

ಮೆಮೊರಿ: 'ಫ್ರೀ' ಕಾಲಂ ನೋಡಿ ಹೆದರಬೇಡಿ

ಫ್ರೀ -ಎಚ್ ಕೊಟ್ಟಾಗ ಟೋಟಲ್ 7.6 ಜಿಬಿ, ಫ್ರೀ 210 ಎಂಬಿ, ಅವೈಲಬಲ್ 4.3 ಜಿಬಿ ಎಂದು ಬಂದರೆ ಮೆಮೊರಿ ಸಾಕಷ್ಟಿದೆ. ಲಿನಕ್ಸ್ ಖಾಲಿ ಮೆಮೊರಿಯನ್ನು ಫೈಲ್ ಕ್ಯಾಶ್‌ಗೆ (ಫೈಲ್‌ಗಳ ನಕಲು ಇಟ್ಟುಕೊಳ್ಳಲು) ಬಳಸಿಕೊಂಡು, ಪ್ರೋಗ್ರಾಂ ಕೇಳಿದಾಗ ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಡಬಲ್ಲದ್ದನ್ನೂ ಸೇರಿಸಿ ಕರ್ನಲ್ ಮಾಡುವ ಅಂದಾಜೇ ಅವೈಲಬಲ್, ಆ ಕಾಲಂ ನೋಡಿ. ಟಿಎಂಪಿಎಫ್‌ಎಸ್‌ನಲ್ಲಿ (ಮೆಮೊರಿಯಲ್ಲೇ ಇರುವ ಫೈಲ್ ವ್ಯವಸ್ಥೆಯಲ್ಲಿ) ಇಟ್ಟ ಫೈಲ್‌ಗಳು ಕ್ಯಾಶ್ ಲೆಕ್ಕದಲ್ಲೇ ಸೇರಿದರೂ ಹಾಗೆ ಸುಲಭವಾಗಿ ಬಿಡುಗಡೆಯಾಗುವುದಿಲ್ಲ. ಶೇರ್ಡ್ ಕಾಲಂ ದೊಡ್ಡದಿದ್ದರೆ ಅಲ್ಲಿ ಹುಡುಕಿ.

ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಬಳಕೆ ಸೊನ್ನೆಗಿಂತ ಹೆಚ್ಚಿದೆ ಎಂಬುದೊಂದೇ ಕೆಟ್ಟ ಲಕ್ಷಣವಲ್ಲ, ಎಂದೋ ಹೊರಹೋದ ಪುಟಗಳು (ಮೆಮೊರಿಯ ತುಣುಕುಗಳು) ಅಲ್ಲೇ ಉಳಿದಿರಬಹುದು. ವಿಎಂಸ್ಟಾಟ್‌ನ ಎಸ್‌ಐ (ಸ್ವಾಪ್‌ನಿಂದ ಒಳಕ್ಕೆ) ಮತ್ತು ಎಸ್‌ಒ (ಸ್ವಾಪ್‌ಗೆ ಹೊರಕ್ಕೆ) ಎರಡೂ ಸಾಲುಸಾಲಿಗೂ ಸೊನ್ನೆಯಲ್ಲದಿದ್ದರೆ ಆಗ ನಿಜವಾದ ಕೊರತೆ. ಪ್ರೋಸೆಸ್‌ಗಳ ಆರ್‌ಎಸ್‌ಎಸ್ (ಪ್ರೋಸೆಸ್ ಹಿಡಿದಿರುವ ಮೆಮೊರಿ) ಕಾಲಂ ಕೂಡಿಸಿ ಒಟ್ಟು ಬಳಕೆ ಹೇಳಲೂ ಹೋಗಬೇಡಿ, ಹಂಚಿಕೊಂಡ ಲೈಬ್ರರಿಗಳು ಪ್ರತಿ ಪ್ರೋಸೆಸ್‌ನಲ್ಲೂ ಮತ್ತೆ ಮತ್ತೆ ಲೆಕ್ಕವಾಗಿ ಮೊತ್ತ ಉಬ್ಬುತ್ತದೆ.

ಕಿಲ್ ಮಾಡಲೇಬೇಕಾದಾಗ

ಮೊದಲು ಹೆಸರಿನಿಂದ ಪ್ರೋಸೆಸ್ ಹುಡುಕುವ ಪಿಗ್ರೆಪ್ -ಎ ಕೊಟ್ಟು ಯಾವುದು ಸಿಗುತ್ತದೆ ನೋಡಿ, ಆಮೇಲೆ ಅದೇ ಹೆಸರಿನಿಂದ ಕೊಲ್ಲುವ ಪಿಕಿಲ್. ಈ ಎರಡೂ ಸಾಮಾನ್ಯವಾಗಿ ಹೆಸರಿನ ಮೊದಲ 15 ಅಕ್ಷರಗಳನ್ನಷ್ಟೇ ಹೋಲಿಸುತ್ತವೆ; ಉದ್ದ ಹೆಸರಿನದು ಸಿಗದಿದ್ದರೆ ಕಾರಣ ಅದೇ. -ಎಫ್ ಕೊಟ್ಟರೆ ಇಡೀ ಕಮಾಂಡ್ ಸಾಲಿನಲ್ಲಿ ಹುಡುಕುತ್ತವೆ, ಆದರೆ ಆಗ ಅದೇ ಪದವಿರುವ ಫೈಲನ್ನು ತೆರೆದಿಟ್ಟ ಎಡಿಟರ್ ಕೂಡ ಬಲೆಗೆ ಬೀಳುತ್ತದೆ.

ಸಂಖ್ಯೆ ಕೊಡದ ಕಿಲ್ ಕಳಿಸುವುದು 15ನೇ ಸಿಗ್ನಲ್ (ಪ್ರೋಸೆಸ್‌ಗೆ ಹೋಗುವ ಸೂಚನೆ). ಫೈಲ್ ಮುಚ್ಚಿ, ಲಾಕ್ ಬಿಟ್ಟು ಹೊರಡಲು ಪ್ರೋಗ್ರಾಂಗೆ ಅದು ಅವಕಾಶ ಕೊಡುತ್ತದೆ. 9 ಕೊಟ್ಟರೆ ಆ ಅವಕಾಶವೇ ಇಲ್ಲ. ಅರ್ಧ ಬರೆದ ಫೈಲ್, ಉಳಿದುಹೋದ ಲಾಕ್ ಫೈಲ್ ಇವೆಲ್ಲ ಅದರ ಫಲ. 15 ಕೊಟ್ಟು ಹತ್ತಿಪ್ಪತ್ತು ಸೆಕೆಂಡ್ ಕಾಯಿರಿ, ಡೇಟಾಬೇಸ್ ಆದರೆ ಇನ್ನೂ ಹೆಚ್ಚು.

9ಕ್ಕೂ ಬಗ್ಗದವು ಎರಡು ಬಗೆ. ಡಿ ಸ್ಥಿತಿಯಲ್ಲಿರುವ ಪ್ರೋಸೆಸ್ ಕಾಯುತ್ತಿರುವುದು ಬರುವವರೆಗೆ ಸಾಮಾನ್ಯವಾಗಿ ಸಿಗ್ನಲ್‌ಗೆ ಓಗೊಡುವುದಿಲ್ಲ, ಡಿಸ್ಕನ್ನೋ ಫೈಲ್ ಸರ್ವರನ್ನೋ ಸರಿಮಾಡಬೇಕು. 'ಜಡ್' ಸ್ಥಿತಿಯದು ಜಾಂಬಿ: ಅದು ಆಗಲೇ ಸತ್ತಿದೆ, ಪೇರೆಂಟ್ ಪ್ರೋಸೆಸ್ ಅದರ ಅಂತಿಮ ಸ್ಥಿತಿಯನ್ನು ಓದಿಕೊಂಡಿಲ್ಲವಷ್ಟೆ. ಮೆಮೊರಿ ತಿನ್ನುವುದಿಲ್ಲ, ಪಿಐಡಿ ಒಂದನ್ನು ಹಿಡಿದಿರುತ್ತದೆ. ಒಂದೆರಡಿದ್ದರೆ ಬಿಡಿ. ನೂರಾರು ಆದರೆ ಪಿಪಿಐಡಿ ನೋಡಿ ಪೇರೆಂಟ್ ಅನ್ನು ರೀಸ್ಟಾರ್ಟ್ ಮಾಡಿ. ಉಳಿದವನ್ನು 1ನೇ ಪ್ರೋಸೆಸ್ ದತ್ತು ತೆಗೆದುಕೊಂಡು ಚೊಕ್ಕಟ ಮಾಡುತ್ತದೆ. ಕೊಂದ ಕೂಡಲೇ ಹೊಸ ಪಿಐಡಿಯೊಂದಿಗೆ ಮತ್ತೆ ಹುಟ್ಟುವುದಾದರೆ ಸಿಸ್ಟಂಸಿಟಿಎಲ್ ಸ್ಟೇಟಸ್ ಎಂದು ಬರೆದು ಆ ಪಿಐಡಿ ಕೊಡಿ. ಯಾವ ಸರ್ವಿಸ್ ಅದನ್ನು ಎಬ್ಬಿಸುತ್ತಿದೆ ಎಂದು ತಿಳಿಯುತ್ತದೆ, ಆ ಸರ್ವಿಸನ್ನೇ ಸ್ಟಾಪ್ ಮಾಡಿ.

ಯಾರೂ ಕೊಲ್ಲದೆ ಪ್ರೋಸೆಸ್ ಮಾಯವಾದದ್ದೂ ಉಂಟು. ಎಕ್ಸಿಟ್ ಕೋಡ್ (ಪ್ರೋಸೆಸ್ ಮುಗಿದಾಗ ಬಿಟ್ಟುಹೋಗುವ ಸಂಖ್ಯೆ) 137 ಎಂದಿದ್ದರೆ 128ಕ್ಕೆ 9 ಸೇರಿದೆ, ಅಂದರೆ 9ನೇ ಸಿಗ್ನಲ್‌ನಿಂದ ಸತ್ತಿದೆ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ -ಟಿ ಕೊಟ್ಟು, ಟಿ ದೊಡ್ಡಕ್ಷರ, 'ಔಟ್ ಆಫ್ ಮೆಮೊರಿ' ಸಾಲು ಹುಡುಕಿ. ಸಿಕ್ಕರೆ ಕೊಂದದ್ದು ಕರ್ನಲ್. ಅದು ಆರಿಸುವುದು ಹೆಚ್ಚಾಗಿ ಅತಿ ಹೆಚ್ಚು ಮೆಮೊರಿ ಹಿಡಿದಿರುವುದನ್ನು, ಮೆಮೊರಿ ಸೋರಿಕೆ (ಪಡೆದ ಮೆಮೊರಿಯನ್ನು ಹಿಂದಿರುಗಿಸದಿರುವುದು) ಇರುವುದು ಅದರಲ್ಲೇ ಎಂದೇನಿಲ್ಲ. ಅದೇ ಸಂದೇಶದ ಮೇಲೆ ಆ ಹೊತ್ತಿನ ಪ್ರೋಸೆಸ್‌ಗಳ ಪಟ್ಟಿ ಇರುತ್ತದೆ. ಅಲ್ಲಿನ ಆರ್‌ಎಸ್‌ಎಸ್ ಕಾಲಂ ಕಿಲೋಬೈಟ್‌ನಲ್ಲಲ್ಲ, ಪುಟಗಳ ಲೆಕ್ಕದಲ್ಲಿದೆ. ಎಕ್ಸ್86 (ಇಂಟೆಲ್, ಎಎಂಡಿ ಚಿಪ್‌ನ) ಯಂತ್ರದಲ್ಲಿ 4ರಿಂದ ಗುಣಿಸಿದರೆ ಕಿಲೋಬೈಟ್ ಸಿಗುತ್ತದೆ.